ಬಲತೋಳಿನ ಗುಂಡಿ

ಲಾಂಡ್ರಿ ಅಕ್ಕನಿಗೆ ಬೀದಿಯವರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಪತ್ತೇದಾರಿ. ಅದು ಅವಳಿಗೂ ಗೊತ್ತಿತ್ತು. ಗೊತ್ತಾಗದೆ ಇರುವುದಕ್ಕೆ ಅವಳೇನು ಸಾಮಾನ್ಯದವಳೇ? ಒಗೆಯಲು ಬಂದ ಪ್ಯಾಂಟಿನ ಜೇಬುಗಳನ್ನು ಒಳಹೊರಗು ಮಾಡಿ, ಕಾಲರನ್ನು ಬೆಳಕಿಗೆ ಹಿಡಿದು, ಕಲೆಯನ್ನು ಮೂಸಿ, "ಇದು ಶಾಯಿ ಅಲ್ಲ, ಕೂದಲಿಗೆ ಹಚ್ಚೋ ಬಣ್ಣ" ಎಂದು ಅವಳು ತೀರ್ಪು ಕೊಟ್ಟರೆ ಗಿರಾಕಿ ತಲೆ ಸವರಿಕೊಂಡು ಸುಮ್ಮನೆ ಹೊರಡುತ್ತಿದ್ದ. ಆ ಕೆಲಸಕ್ಕೆ ಆ ಬುದ್ಧಿ ಬೇಕೇ ಬೇಕು. ಜೇಬಿನಲ್ಲಿ ಉಳಿದ ಒಂದು ಪೆನ್ನು ಇಡೀ ಗಂಟನ್ನು ಹಾಳು ಮಾಡಿಬಿಡುತ್ತದೆ. ಆದರೆ ಅಂಗಡಿಗೆ ಬೀಗ ಹಾಕಿದ ಮೇಲೂ ಅವಳ ಬುದ್ಧಿಗೆ ಬೀಗ ಬೀಳುತ್ತಿರಲಿಲ್ಲ, ತೊಂದರೆ ಇದ್ದದ್ದು ಅಲ್ಲಿ.

ಅವಳ ಗಂಡನ ಹತ್ತಿರ ಒಂದು ಎತ್ತರದ ಜೀಪಿತ್ತು. ಹಿಂದೆ ಅದನ್ನು ಬಂಡೆ ಹತ್ತಿಸುವ ಪಂದ್ಯಗಳಿಗೆ ಒಯ್ಯುತ್ತಿದ್ದ. ಮಗಳು ಹುಟ್ಟಿದ ಮೇಲೆ, ಇನ್ನು ಪಂದ್ಯದ ಸಹವಾಸವೇ ಬೇಡ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಈಗ ಬೆಳಿಗ್ಗೆ ಮೊಬೈಲ್ ಟವರ್ ನೌಕರರನ್ನು ಕಲ್ಲುದಾರಿಯಲ್ಲಿ ಗುಡ್ಡಕ್ಕೆ ಹತ್ತಿಸಿ, ಇಳಿದು ಬಂದು, ಅದೇ ಜೀಪಿನಲ್ಲಿ ಮಗಳನ್ನು ಶಾಲೆಗೆ ಬಿಟ್ಟು, ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಗಂಟನ್ನು ಲಾಂಡ್ರಿಗೆ ತರುವುದು ಅವನ ಕೆಲಸ. ದೊಡ್ಡ ಟೈರುಗಳನ್ನು ಎಳೆದು ಎಳೆದು ಹಳೆಯ ಸ್ಟೀರಿಂಗ್ ಬಾಕ್ಸ್ ಸವೆದುಹೋಗಿತ್ತು. ಸ್ಟೀರಿಂಗ್ ತಿರುಗಿಸಿದರೆ ಗಾಲಿಗಳು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿದ್ದವು. ಬದಲಾಯಿಸದೆ ವಿಧಿಯಿರಲಿಲ್ಲ. ಗಂಡನೊಬ್ಬನನ್ನೇ ಕಳಿಸಿದರೆ ಏನಾದರೂ ಯಡವಟ್ಟಾದೀತು ಎಂದು ಗ್ಯಾರೇಜಿಗೆ ಅವಳೂ ಹೋದಳು.

"ಮೂರು ದಾರಿ ಇದೆ ಅಕ್ಕ," ಎಂದ ಗ್ಯಾರೇಜ್ ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತ. "ಇದೇ ತರದ ಹೊಸ ಬಾಕ್ಸ್ ಹಾಕೋದು ಒಂದು. ನಂಬಿಕಸ್ತ, ಆದ್ರೆ ಈ ಟೈರು ತಿರುಗಿಸೋಕೆ ತೋಳು ಬಿದ್ದುಹೋಗುತ್ತೆ. ಹೊಸ ಬಾಕ್ಸೂ, ಗಾಲಿ ತಿರುಗಿಸೋ ಹೊಸ ಕಬ್ಬಿಣದ ರಾಡೂ ಹಾಕಿ, ಆಯಿಲ್ ಒತ್ತಡದ ಸಿಲಿಂಡರ್ ಒಂದನ್ನ ಸಹಾಯಕ್ಕೆ ಕೊಡೋದು ಇನ್ನೊಂದು. ಮೂರನೇದು ಪೂರ್ತಿ ಹೈಡ್ರಾಲಿಕ್. ರಾಡೇ ಇರಲ್ಲ. ಸ್ಟೀರಿಂಗಿಂದ ಗಾಲಿಗೆ ಬರೀ ಆಯಿಲ್ ಪೈಪು."

"ಅದೇ ಇರಲಿ," ಎಂದ ಗಂಡ, ಮೇಸ್ತ್ರಿಯ ಮಾತು ಮುಗಿಯುವ ಮೊದಲೇ. "ಒಂದೇ ಬೆರಳಲ್ಲಿ ತಿರುಗುತ್ತೆ."

"ಅಣ್ಣ, ಅದು ಬಂಡೆ ಪಂದ್ಯಕ್ಕೆ ಸರಿ, ಬೀದಿಗೆ ಬೇಡ. ಪೈಪ್ ಒಡೀತು ಅಂದ್ರೆ ಸ್ಟೀರಿಂಗ್ ನಿಮ್ಮ ಕೈಲಿರುತ್ತೆ, ಗಾಲಿ ಅದರ ಪಾಡಿಗೆ ಅದು ಹೋಗುತ್ತೆ. ತಿರುವು ಮುಗಿದ ಮೇಲೆ ತಾನಾಗೇ ನೇರಕ್ಕೆ ಬರೋದೂ ಇಲ್ಲ. ಗಾಡಿ ತಪಾಸಣೆಯವರೂ ಒಪ್ಪಲ್ಲ."

"ಬೀದಿಲಿ ನಾನೇನು ಹಾರಿಸ್ಕೊಂಡು ಹೋಗ್ತೀನಾ? ಹಾಕಿ ಮೇಸ್ತ್ರಿ, ನಾನು ನೋಡ್ಕೋತೀನಿ."

ಪಂದ್ಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ತಲೆಗೆ ಹುಳ ಹೊಕ್ಕಿತು. ಅವಳ ಮೊದಲ ಅನುಮಾನ ಮೇಸ್ತ್ರಿಯ ಮೇಲೆ. ಬೇಡ ಬೇಡ ಎಂದಷ್ಟೂ ಗಿರಾಕಿ ಬೇಕು ಬೇಕು ಎನ್ನುವುದನ್ನು ಅವಳು ಕಾಣದವಳೇ? ಆದರೆ ಮೇಸ್ತ್ರಿಯ ಮುಖದಲ್ಲಿ ಇದ್ದದ್ದು ಬರೀ ಬೇಸರ. ಹಾಗಾಗಿ ಅನುಮಾನ ಅಲ್ಲಿಂದ ಎದ್ದು ಗಂಡನ ಹೆಗಲೇರಿ ಕೂತಿತು. ಪವರ್ ಸ್ಟೀರಿಂಗ್ ಗಾಡಿಗಳನ್ನು ಕಂಡರೆ "ತೊಟ್ಟಿಲು" ಎಂದು ಮೂಗು ಮುರಿಯುತ್ತಿದ್ದ ಮನುಷ್ಯನಿಗೆ ಈಗ ಒಂದು ಬೆರಳಿನ ಸುಖ ಯಾಕೆ ಬೇಕಾಯಿತು? ಪಂದ್ಯಕ್ಕಲ್ಲದೆ ಇನ್ನೇನಕ್ಕೆ? "ಭಾನುವಾರ ಬಂದು ಹೇಳ್ತೀವಿ" ಎಂದು ಅವಳು ಗಂಡನನ್ನು ಎಬ್ಬಿಸಿಕೊಂಡು ಹೊರಟಳು.

ಆ ವಾರವೆಲ್ಲ ಗಂಡನ ಬಟ್ಟೆಗೆ ವಿಶೇಷ ತಪಾಸಣೆ. ಪ್ಯಾಂಟಿನ ಜೇಬಿನಲ್ಲಿ ಒಂದು ಮೆತ್ತನೆಯ ರಬ್ಬರ್ ಚೆಂಡು ಸಿಕ್ಕಿತು. ಅದರ ಬಣ್ಣ ಅಲ್ಲಲ್ಲಿ ಸವೆದಿತ್ತು. ಮಗಳದ್ದಲ್ಲ, ಮಗಳಿಗೆ ಚೆಂಡಿನಾಟವೇ ಸೇರದು. ಹಾಗಾದರೆ ಯಾರ ಮಗುವಿನದು? ಏನೂ ಆಗದವಳಂತೆ ಚೆಂಡನ್ನು ಇದ್ದಲ್ಲೇ ಇಟ್ಟಳು.

ಅಂಗಿಗಳದು ಬೇರೆಯೇ ಕಥೆ. ಒಗೆಯುವ ಮೊದಲು ಗುಂಡಿಗಳನ್ನೆಲ್ಲ ಬಿಚ್ಚಿ ಹಾಕುವುದು ಅವಳ ರೂಢಿ. ಗಂಡನ ಅಂಗಿಯ ಎದೆಯ ಗುಂಡಿಗಳು ಬಿಚ್ಚಿರುತ್ತಿದ್ದವು, ಎಡತೋಳಿನದೂ ಬಿಚ್ಚಿರುತ್ತಿತ್ತು. ಬಲತೋಳಿನ ತುದಿಯ ಗುಂಡಿ ಮಾತ್ರ ಯಾವಾಗಲೂ ಹಾಕಿದ್ದು ಹಾಕಿದಂತೆಯೇ. ಕೈಯನ್ನು ಎಳೆದು ಎಳೆದು ಅಲ್ಲಿಯ ಹೊಲಿಗೆ ಬಿಡುತ್ತ ಬಂದಿತ್ತು. ಗುಂಡಿ ಬಿಚ್ಚುವಷ್ಟೂ ಪುರುಸೊತ್ತಿಲ್ಲದ ಅವಸರ ಯಾರ ಮನೆಯಲ್ಲಿ ಎಂದು ಅವಳು ಹಲ್ಲು ಕಚ್ಚಿಕೊಂಡಳು. ಒಂದು ಸಲವಾದರೂ ನೇರವಾಗಿ ಕೇಳಬಹುದಿತ್ತು. ಕೇಳಿದರೆ ಎದುರಿನವರು ಎಚ್ಚರಾಗುತ್ತಾರೆ ಎಂಬುದು ಅವಳ ಲೆಕ್ಕ.

ಭಾನುವಾರ ಮಗಳನ್ನೂ ಕರೆದುಕೊಂಡು ಮತ್ತೆ ಗ್ಯಾರೇಜಿಗೆ ಹೋದರು. ಮಗಳು ಹೊರಗೆ ನಾಯಿಮರಿಯ ಜೊತೆ ಕೂತಳು. ಮೇಸ್ತ್ರಿ ಜೀಪಿನ ಕೆಳಗೆ ನುಸುಳಿ ಕೂಗಿದ:

"ಅಣ್ಣ, ಇಂಜಿನ್ ಆಫ್ ಮಾಡಿ, ಸ್ಟೀರಿಂಗ್ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸಿ. ಎಲ್ಲೆಲ್ಲಿ ಸಡಿಲ ಅಂತ ನೋಡ್ತೀನಿ."

ಗಂಡ ಆಡಿಸಿದ. ಅವಳು ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಬಲಗೈಯ ನರಗಳು ಉಬ್ಬಿದವು. ಎಡಗೈ ಸ್ಟೀರಿಂಗ್ ಮೇಲೆ ಕರೆಯದೆ ಬಂದ ನೆಂಟನಂತೆ ಸುಮ್ಮನೆ ಕೂತಿತ್ತು. ಎರಡನೆಯ ಸಲ ಆಡಿಸಿದಾಗ ಅದು ಜಾರಿ ಅವನ ತೊಡೆಯ ಮೇಲೆ ಬಿತ್ತು. ಅವನು ಬೇಗನೆ ಅದನ್ನು ಬಲಗೈಯಿಂದ ಎತ್ತಿ ಮತ್ತೆ ಮೇಲಿಟ್ಟ.

ಅವಳು ಅವನ ಬಲಗೈ ಎಳೆದುಕೊಂಡು ತೋಳಿನ ತುದಿಯ ಗುಂಡಿ ಬಿಚ್ಚಿದಳು.

"ಹಾಕ್ಕೊಳ್ಳಿ."

"ಏನಿದು, ಇಲ್ಲಿ ಕೂತ್ಕೊಂಡು..."

"ಹಾಕ್ಕೊಳ್ಳಿ ಅಂದೆ."

ಎಡಗೈಯ ಬೆರಳುಗಳು ಗುಂಡಿಯನ್ನು ಮುಟ್ಟಿದವು, ಹಿಡಿಯಲಿಲ್ಲ. ಮತ್ತೆ ಮುಟ್ಟಿದವು. ಅವನು ಕೈ ಬಿಟ್ಟು ಎದುರಿನ ಗಾಜನ್ನು ನೋಡುತ್ತ ಹೇಳಿದ, "ಬೆಳಿಗ್ಗೆ ನೀನು ಅಂಗಡಿಗೆ ಹೋದ ಮೇಲೆ ಪುಟ್ಟಿ ಹಾಕಿಕೊಡ್ತಾಳೆ. ಆಟ ಅಂದ್ಕೊಂಡಿದಾಳೆ."

"ಎಷ್ಟು ದಿನದಿಂದ?"

"ತುಂಬ ದಿನ ಆಯ್ತು. ಕುತ್ತಿಗೆಯಲ್ಲಿ ನರ ಒತ್ತಿದೆಯಂತೆ. ಚೆಂಡು ಹಿಸುಕ್ತಾ ಇದ್ರೆ ನಿಧಾನಕ್ಕೆ ಸರಿಹೋಗಬಹುದು ಅಂದ್ರು ಡಾಕ್ಟರು. ನಿನಗೆ ಹೇಳಿದ್ರೆ ಕೀ ಕಿತ್ಕೋತಿದ್ದೆ."

"ಕಿತ್ಕೊಳ್ದೆ ಇನ್ನೇನು ಮಾಡ್ಬೇಕಿತ್ತು? ನನ್ನ ಮಗಳನ್ನ ಕೂರಿಸ್ಕೊಂಡು ಒಂದೇ ಕೈಲಿ ಆ ಪೇಟೆ ಬೀದಿಲಿ! ಅದಕ್ಕೇನಾ ಒಂದು ಬೆರಳಿನ ಸ್ಟೀರಿಂಗ್? ಪೈಪ್ ಒಡೆದುಹೋದ್ರೆ?"

"ಜೀಪ್ ನಿಂತ್ರೆ ನಾನು ಯಾರು ಹೇಳು," ಎಂದ ಅವನು, ತೀರ ಸಣ್ಣ ದನಿಯಲ್ಲಿ.

ಅವಳಿಗೆ ಕೋಪ ಉಕ್ಕಿ ಬಂತು, ಹಿಂದೆಯೇ ನಾಚಿಕೆಯೂ ಬಂತು. ಊರವರ ಕಲೆಗಳನ್ನೆಲ್ಲ ಮೂಸಿದವಳು ತನ್ನ ಗಂಡನ ಜೇಬಿನಲ್ಲಿ ಬೇರೆ ಮನೆಯ ಮಗುವನ್ನು ಹುಡುಕುತ್ತಿದ್ದಳು. ಅವನ ಕೈಯನ್ನು ಮಾತ್ರ ನೋಡಿರಲಿಲ್ಲ. ಅವಳು ಆ ಸೋತ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಅತ್ತಳು.

"ಅಣ್ಣ, ಯಾಕೆ ನಿಲ್ಸಿದ್ರಿ?" ಎಂದು ಕೆಳಗಿನಿಂದ ಮೇಸ್ತ್ರಿ ಕೇಳಿದ. "ಯಾವುದು ಹಾಕೋದು, ತೀರ್ಮಾನ ಆಯ್ತಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಎರಡನೇದು ಹಾಕಿ. ಸಿಲಿಂಡರ್ ಸಹಾಯ ಮಾಡ್ಲಿ, ರಾಡ್ ಇರಲೇಬೇಕು. ಹೊಸ ರಾಡ್ ನಾನೇ ಕಣ್ಣಾರೆ ನೋಡ್ಬೇಕು, ಹಳೇದಕ್ಕೆ ಬಣ್ಣ ಬಳಿದು ಕೊಟ್ರೆ ಗೊತ್ತಾಗುತ್ತೆ ನನಗೆ."

"ಅಯ್ಯೋ, ನೋಡಿ ಅಕ್ಕ, ಬೇಕಾದ್ರೆ ಮೂಸಿ ನೋಡಿ."

ಜೀಪಿನ ಕೀ ಅವಳ ಸೊಂಟಕ್ಕೆ ಬಂತು. ಮದುವೆಗೆ ಮುಂಚೆ ಅಪ್ಪನ ಲಾಂಡ್ರಿ ವ್ಯಾನನ್ನು ಓಡಿಸಿದ್ದವಳಿಗೆ ಪೇಟೆ ಬೀದಿ ಹೊಸದಲ್ಲ. ಗುಡ್ಡ ಮಾತ್ರ ಹೊಸದು. ಪಕ್ಕದಲ್ಲಿ ಕೂತ ಗಂಡ "ಈ ಬಂಡೆ ಬಿಟ್ಟು ಆ ಬಂಡೆ ಮೇಲೆ ಗಾಲಿ ಇಡು" ಎಂದು ಹೇಳುತ್ತ ಹೋದ, ಅವಳು ಬೈದುಕೊಳ್ಳುತ್ತ ಹತ್ತಿದಳು. ಹಿಂದೆ ಕೂತ ಟವರ್ ನೌಕರರು ಕಂಬಿ ಹಿಡಿದುಕೊಂಡು ಉಸಿರು ಬಿಗಿಹಿಡಿದಿದ್ದರು. ಅವನು ಚೆಂಡನ್ನು ನಿಜವಾಗಿ ಹಿಸುಕುತ್ತಿದ್ದಾನೋ ಬರೀ ಹಿಡಿದಿದ್ದಾನೋ ಎಂದು ಅವಳು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದಳು.

ಬೇಸಿಗೆ ಕಳೆದು ಒಂದು ದಿನ ಒಗೆಯುವ ಗಂಟಿನಲ್ಲಿ ಅವನ ಅಂಗಿ ಬಂತು. ಬಲತೋಳಿನ ಗುಂಡಿ ಬಿಚ್ಚಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದಳು. ಮಗಳನ್ನು ಕರೆದಳು.

"ಇದನ್ನ ನೀನು ಬಿಚ್ಚಿದ್ಯಾ?"

"ಇಲ್ಲಮ್ಮ."

"ನಿಜ ಹೇಳು."

"ಇಲ್ಲಮ್ಮ ಅಂದ್ರೆ!"

ಅವಳು ನಂಬಲಿಲ್ಲ. ಒಳಗೆ ಹೋಗಿ, ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಅವನು ತೊಟ್ಟಿದ್ದ ಅಂಗಿಯ ಬಲತೋಳಿನ ಗುಂಡಿಯನ್ನು ತಾನೇ ಹಾಕಿ, ಎದುರಿಗೆ ನಿಂತಳು. ಅವನು ನಕ್ಕ. ಎಡಗೈ ತಂದ. ಬೆರಳು ನಡುಗಿತು, ಗುಂಡಿ ಒಂದು ಸಲ ತಪ್ಪಿತು, ಆಮೇಲೆ ತೂತಿನಿಂದ ಮೆಲ್ಲಗೆ ಹೊರಬಂತು.

"ಇನ್ನೊಂದ್ಸಲ," ಎಂದು ಅವಳು ಮತ್ತೆ ಗುಂಡಿ ಹಾಕಿದಳು. ಆದರೆ ಎರಡನೆಯ ಸಲ ಅವನು ಬಿಚ್ಚುವಾಗ ಅವಳಿಗೆ ಏನೂ ಕಾಣಿಸಲಿಲ್ಲ. ಕಣ್ಣು ತುಂಬಿಹೋಗಿತ್ತು. "ಬಿಚ್ಚಿದೆ, ನೋಡು," ಎಂದ ಅವನು. ಅವಳು ನೋಡಲಿಲ್ಲ, ಅವನ ಮಾತನ್ನೇ ನಂಬಿದಳು.