ಗಾಡಿ ಒರೆಸುವ ಅರಿವೆ

ನಮ್ಮ ಮನೆಯ ತಲೆಬಾಗಿಲ ಹಿಂದೆ ಒಂದು ಮೊಳೆಯಿದೆ. ನಾಲ್ಕು ತಿಂಗಳಿನಿಂದ ಆ ಮೊಳೆಗೆ ಒಂದು ಅರಿವೆ ತೂಗುತ್ತಿತ್ತು. ಮೊದಲು ಅದು ನನ್ನ ನೂಲಿನ ಸೀರೆ. ಗಿಳಿಹಸಿರು ಒಡಲು, ಬೆರಳಗಲದ ಕೆಂಪು ದಡಿ. ಉಟ್ಟು ಉಟ್ಟು ಮೊಣಕಾಲಿನ ಹತ್ತಿರ ಜಾಳಾದಾಗ ಹರಿದು, ಒಂದು ತುಂಡನ್ನು ಒಲೆಯ ಮೇಲಿನ ಪಾತ್ರೆ ಇಳಿಸಲು ಇಟ್ಟುಕೊಂಡೆ, ಇನ್ನೊಂದನ್ನು ನಮ್ಮವರಿಗೆ ಗಾಡಿ ಒರೆಸಲು ಕೊಟ್ಟೆ. ಅವರ ಕೈಯಲ್ಲಿ ಅದು ಡೀಸೆಲ್ಲು, ಎಣ್ಣೆ, ಅಥಣಿ ರಸ್ತೆಯ ಧೂಳು ಎಲ್ಲವನ್ನೂ ಕುಡಿದು, ಯಾವ ಅಂಗಡಿಯಲ್ಲೂ ಸಿಗದ ಒಂದು ಬಣ್ಣಕ್ಕೆ ತಿರುಗಿತು. ಅವರು ತೀರಿಕೊಂಡ ಮೇಲೆ ಅಂಗಿ, ಧೋತರ, ಚಪ್ಪಲಿಗಳನ್ನು ಪದ್ಧತಿಯಂತೆ ಕೊಡಬೇಕಾದವರಿಗೆ ಕೊಟ್ಟೆವು. ಗಾಡಿಯಿಂದ ಮನೆಗೆ ಬಂದ ಈ ಅರಿವೆಯನ್ನು ಯಾರೂ ಕೇಳಲಿಲ್ಲ. ನಾನೂ ತೊಳೆಯಲಿಲ್ಲ. ದಾಟಿ ಹೋಗುವಾಗ ಮೂಗಿಗೆ ತಾಗುವ ಆ ಡೀಸೆಲ್ಲಿನ ವಾಸನೆ ಇರುವ ತನಕ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅನಿಸುತ್ತಿತ್ತು. ನೀವೂ ಯಾರನ್ನಾದರೂ ಕಳೆದುಕೊಂಡವರಾದರೆ ನಿಮ್ಮ ಮನೆಯಲ್ಲೂ ಹೀಗೆ ತೊಳೆಯದೆ ಉಳಿಸಿಕೊಂಡ ಒಂದು ವಸ್ತು ಇದ್ದೇ ಇರುತ್ತದೆ. ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರು ಶಾಲೆಯ ವ್ಯಾನ್ ಓಡಿಸುತ್ತಿದ್ದರು. ನಮ್ಮ ಮನೆ ಇರುವುದು ಅರಕೇರಿಯಲ್ಲಿ. ಅವರು ಬೆಳಿಗ್ಗೆ ಖಾಲಿ ಗಾಡಿ ತೆಗೆದುಕೊಂಡು ತಿಕೋಟಾಕ್ಕೆ ಹೋಗಿ, ಅಲ್ಲಿಂದ ದಾರಿಯುದ್ದಕ್ಕೂ ಮಕ್ಕಳನ್ನು ಹತ್ತಿಸಿಕೊಂಡು ವಿಜಯಪುರದ ಶಾಲೆಗೆ ಮುಟ್ಟಿಸುತ್ತಿದ್ದರು. ಮಾತು ಬಹಳ ಕಡಿಮೆ. ಬಬಲೇಶ್ವರದ ನನ್ನ ತವರಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುವವರು. ನೋಡಲು ಬಂದ ದಿನ ಇವರು ಒಂದೂ ಮಾತಾಡದ್ದನ್ನು ಕಂಡು ನನ್ನ ಚಿಕ್ಕಮ್ಮ, 'ವರಕ್ಕ ಕಿವಿ ಕೇಳಸ್ತಾವೋ ಇಲ್ಲೋ ಮದಲ ನೋಡ್ರಿ' ಅಂದಿದ್ದಳು.

ಕಳೆದ ವರ್ಷ ಅವರ ಗಾಡಿ ಆಗಾಗ ತಡವಾಗಿ ಶಾಲೆ ಮುಟ್ಟುತ್ತಿತ್ತು. ಶಾಲೆಯವರು ಎರಡು ಸಲ ಕರೆದು ಹೇಳಿದರು. ನಾನು ಕೇಳಿದರೆ ಅವರದು ಒಂದೇ ಉತ್ತರ:

'ತಿಕೋಟಾದಾಗ ಗಾಡಿ ಒರಸಾಕತ್ತಿದ್ನಿ.'

'ಮನಿ ಮುಂದ ಒರಸಾಕ ನಿಮಗೇನ ಧಾಡಿ?'

'ಅಲ್ಲಿ ಹೊಲಸ ಆಗತೈತಿ.'

ಆ ಹೊಲಸು ಏನೆಂದು ಒಂದು ದಿನ ಕಣ್ಣಾರೆ ಕಂಡೆ. ತಿಕೋಟಾದ ನಮ್ಮ ನೆಂಟರ ಮನೆಗೆ ಹೋಗಬೇಕಾಗಿತ್ತು; ಖಾಲಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಹೋದೆ. ಮೊದಲು ಗಾಡಿ ನಿಂತದ್ದು ಬಟ್ಟೆ ಹೊಲಿಯುವ ದರ್ಜಿಯೊಬ್ಬರ ಮನೆಯ ಮುಂದೆ. ಅವರ ಮಗಳು ಅಲ್ಫಿಯಾ, ಐದು ವರ್ಷದವಳು, ಕಟ್ಟೆಯ ಕಂಬವನ್ನು ತಬ್ಬಿ ಹಿಡಿದು ಕಿರುಚುತ್ತಿದ್ದಳು. ಶಾಲೆಗೆ ಹೊಸಬಳು. ಅವಳ ಅಜ್ಜಿ ಒಂದು ಕೈ ಎಳೆಯುತ್ತಿದ್ದಾಳೆ, ನೆರೆಮನೆಯಾಕೆ ಚಾಕಲೇಟು ತೋರಿಸುತ್ತಿದ್ದಾಳೆ, ದಾರಿಯಲ್ಲಿ ಹೋಗುವ ಮುದುಕರೊಬ್ಬರು ನಿಂತು ಪೊಲೀಸರನ್ನು ಕರೆಯುವುದಾಗಿ ಹೆದರಿಸುತ್ತಿದ್ದಾರೆ. ನಮ್ಮವರು ಇಂಜಿನ್ನು ಬಂದ್ ಮಾಡಿದರು. ಇಳಿದರು. ಮಗುವಿನ ಕಡೆ ನೋಡಲೇ ಇಲ್ಲ. ಸೀಟಿನ ಕೆಳಗಿಂದ ಈ ಅರಿವೆ ತೆಗೆದು, ಮಗುವಿಗೆ ಬೆನ್ನು ಕೊಟ್ಟು ನಿಂತು, ಗಾಡಿ ಒರೆಸಲು ತೊಡಗಿದರು. ಹಿಂದೆ ಕೂತ ನನಗೂ ಕಂಡದ್ದು ಅವರ ಬೆನ್ನು ಮಾತ್ರ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಬಹಳ ಹೊತ್ತಿನ ಮೇಲೆ ಹುಡುಗಿ ಅದು ಹೇಗೋ ತಾನಾಗಿ ಬಂದು ಹತ್ತಿ ಕೂತಳು. ಅವಳಿಗೆ ಅತ್ತು ಅತ್ತು ಸಾಕಾಗಿರಬೇಕು ಅಂದುಕೊಂಡೆ. ಸಂಜೆ ಅವರು ಮನೆಗೆ ಬಂದಾಗ ಅಂದೆ:

'ಅಷ್ಟ ಸಣ್ಣ ಕೂಸು ಬಾಯಿ ಬಿಟ್ಟು ಅಳತಿದ್ರ ಬೆನ್ನ ತಿರುವಿ ನಿಂತೀರಿ. ಕಲ್ಲ ಮನಸ ನಿಮ್ದು.'

'ಗಾಡಿ ಹೊಲಸ ಆಗಿತ್ತಲ್ಲ' ಅಂದರು. ಊಟಕ್ಕೆ ಕೂತರು.

ಬೇಸಿಗೆ ರಜೆಯಲ್ಲಿ, ಒಂದು ಭಾನುವಾರ, ಹೀಗೆಯೇ ಊಟಕ್ಕೆ ಕೂತವರು ಎಡಗೈಯಿಂದ ಎದೆ ಹಿಡಿದುಕೊಂಡರು. ಆಸ್ಪತ್ರೆಯ ದಾರಿ ಪೂರ್ತಿ ಮುಗಿಯಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಶಾಲೆಯವರು ಒಳ್ಳೆಯವರು. ಏಳನೇ ಇಯತ್ತೆಯವರೆಗೆ ಓದಿದ ನನ್ನನ್ನು ಜೂನಿನಿಂದ ಅದೇ ಗಾಡಿಯಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೆಲಸಕ್ಕೆ ತೆಗೆದುಕೊಂಡರು. ಸ್ಟೀರಿಂಗಿನ ಮುಂದೆ ಈಗ ಮಲ್ಲಣ್ಣ ಎಂಬ ಹೊಸ ಡ್ರೈವರು. ಶಾಲೆ ತೆರೆದ ಮೊದಲ ದಿನ ಅಲ್ಫಿಯಾ ಹೊಸ ಪಾಟೀಚೀಲ ಹಾಕಿಕೊಂಡು ಕುಣಿಯುತ್ತ ಬಂದು, ಮಲ್ಲಣ್ಣನನ್ನು ಕಂಡು ನಿಂತುಬಿಟ್ಟಳು.

'ಕಾಕಾ ಎಲ್ಲಿ?'

ಅವಳ ಅಜ್ಜಿ ನನ್ನ ಬರಿಯ ಹಣೆಯನ್ನೊಮ್ಮೆ ನೋಡಿ, ಅವಸರದಿಂದ, 'ಕಾಕಾ ಊರಿಗೆ ಹೋಗ್ಯಾರವ್ವ, ನಾಳಿ ಬರತಾರ' ಅಂದಳು. ನಾನೂ ಹೌದೆಂದು ತಲೆಯಾಡಿಸಿದೆ. ನಮ್ಮ ಕಡೆ ಮಕ್ಕಳಿಗೆ ಸಾವನ್ನು ಹೇಳುವ ಪದ್ಧತಿಯೇ ಇದು. ಸತ್ತವರೆಲ್ಲ ಊರಿಗೆ ಹೋಗಿರುತ್ತಾರೆ. ಕರುಣೆಯಿಂದಲೇ ಹೇಳುತ್ತೇವೆ. ಆದರೆ ನಾಳೆ ಎನ್ನುವುದು ತಪ್ಪದೆ ಬರುತ್ತದಲ್ಲ. ಬಂದ ಪ್ರತಿಯೊಂದು ನಾಳೆಯಲ್ಲೂ ಗಾಡಿಯಿಂದ ಮಲ್ಲಣ್ಣನೇ ಇಣುಕಿದ.

ಆಮೇಲೆ ಶುರುವಾಯಿತು. ಕಂಬ ಹಿಡಿಯುವುದು, ಒದೆಯುವುದು, ಕಚ್ಚುವುದು. ನನ್ನ ಮುಂಗೈ ಮೇಲೆ ಅವಳ ಹಲ್ಲಿನ ಗುರುತು ಒಂದು ವಾರ ಇತ್ತು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಮೆಣಸಿನಕಾಯಿಯ ಘಾಟಿಗೆ ಓಣಿಯ ಮಕ್ಕಳೆಲ್ಲ ಕೆಮ್ಮಿದವು, ದೃಷ್ಟಿ ಮಾತ್ರ ಇಳಿಯಲಿಲ್ಲ. 'ಕಾಕಿ, ಎತ್ತಿ ಒಳಗ ಹಾಕಿ ಬಾಗಲಾ ಹಾಕ್ರಿ. ಅರಕೇರಿ ಬರೂದ್ರಾಗ ತಾನಾ ಸುಮ್ಮನಾಗ್ತಾಳ' ಅನ್ನುತ್ತಿದ್ದ ಮಲ್ಲಣ್ಣ. ಕೆಟ್ಟವನಲ್ಲ, ಅವನಿಗೆ ಹೊತ್ತಿನ ಚಿಂತೆ. ನಾನು ಎತ್ತಿ ಹಾಕಿದೆ, ಬಾಗಿಲು ಹಾಕಿದೆ. ಒಂದು ದಿನವಲ್ಲ, ಎಷ್ಟೋ ದಿನ. ಒಮ್ಮೆ ಅವಳು ಓಡುವ ಗಾಡಿಯ ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಅದು ಶಾಲೆಯವರ ಕಿವಿಗೆ ಬಿತ್ತು. ಶನಿವಾರದವರೆಗೆ ನೋಡುತ್ತೇವೆ, ಆಮೇಲೆ ಆ ಮನೆಯ ಮುಂದೆ ಗಾಡಿ ನಿಲ್ಲಿಸಬೇಡಿ ಅಂದರು. ಅವಳ ಅಪ್ಪ ಹೊಲಿಗೆ ಬಿಟ್ಟು ದಿನಾ ಎರಡು ಸಲ ವಿಜಯಪುರಕ್ಕೆ ಓಡಾಡುವಂತಿರಲಿಲ್ಲ. ಗಾಡಿ ನಿಂತರೆ ಅವಳಿಗೆ ಆ ಶಾಲೆಯೂ ನಿಂತಂತೆ.

ಆ ವಾರದ ಗುರುವಾರವೇ ನಮಗೊಂದು ತರಬೇತಿ ಇತ್ತು. ಮಕ್ಕಳು ಕೈಮೀರಿದ ಹೊತ್ತಿನಲ್ಲಿ ದೊಡ್ಡವರು ಹೇಗಿರಬೇಕು ಎಂಬುದು ವಿಷಯ. ವಿಜಯಪುರದ ಒಂದು ಸಭಾಗೃಹದಲ್ಲಿ ಶಿಕ್ಷಕಿಯರು, ಆಯಾಗಳು, ಡ್ರೈವರುಗಳು, ಹಾಸ್ಟೆಲಿನ ಅಡಿಗೆಯವರು ಎಲ್ಲ ಸೇರಿದ್ದರು. ಕಲಿಸಲು ಬಂದವರು ನಸೀಮಾ ಅಕ್ಕೋರು. ನಡುವಯಸ್ಸು, ಸಣ್ಣ ದನಿ. ಅವರು ಹಲಗೆಯ ಮೇಲೆ ಏನೂ ಬರೆಯಲಿಲ್ಲ. 'ಗೋಳಗುಮ್ಮಟದಾಗ ಎಲ್ಲಾರೂ ಒದರಿ ಬಂದೀರಿ ಹೌದಿಲ್ರಿ? ಒಂದ ಸಲ ಒದರಿದ್ರ ಎಷ್ಟ ಸಲ ತಿರುಗಿ ಬರತೈತಿ? ಹೆದರಿದ ಕೂಸು ಅಂದ್ರ ಸಣ್ಣ ಗುಮ್ಮಟ' ಅಂದರು. ಎತ್ತರ ಇಳಿಸಿರಿ, ದನಿ ಇಳಿಸಿರಿ, ಎದುರು ನಿಲ್ಲದೆ ಬದಿಗೆ ಸರಿಯಿರಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅಳು ನಿಲ್ಲಿಸುವ ಸಲುವಾಗಿ ಸುಳ್ಳು ಹೇಳಬೇಡಿ ಅಂದರು. ಮಲ್ಲಣ್ಣ ಎದ್ದು, 'ಅಕ್ಕೋರ, ನಾವು ಕೆಳಗ ಕುಂತ್ರ ಇವು ನಮ್ಮ ತಲಿ ಮ್ಯಾಲ ಕುಂದರತಾವ್ರಿ' ಅಂದ. 'ಕುಂದರಲಿ ಬಿಡ್ರಿ. ತಲಿ ಮ್ಯಾಲ ಕುಂತ ಕೂಸು ಬೀಳಬಾರದಂತ ನಿಮ್ಮನ್ನ ಗಟ್ಟಿ ಹಿಡಕೊಂಡಿರತೈತಿ' ಅಂದರು ಅಕ್ಕೋರು. ಎಲ್ಲರೂ ನಕ್ಕರು.

ಆಮೇಲೆ ಒಂದು ಆಟ ಆಡಿಸಿದರು. ನಾನು ಹಟ ಮಾಡುವ ಮಗು. ನಡುವೆ ನೆಲದ ಮೇಲೆ ಕೂರಬೇಕು. ನಾಲ್ಕು ಜನ ಸುತ್ತ ನಿಂತು, ಬಾಗಿ, ದಿನಾ ಮಕ್ಕಳಿಗೆ ಹೇಳುವ ಮಾತುಗಳನ್ನೇ ನನಗೆ ಹೇಳಬೇಕು. ನಗುತ್ತಲೇ ಕೂತೆ. ಅವರೂ ನಗುತ್ತಲೇ ಬಾಗಿದರು. ಸಾಕ ಸುಮ್ಮನಾಗು, ಅಳಬ್ಯಾಡ, ಏನಾಗೇತಿ ಈಗ, ಏಳ ಮ್ಯಾಲ. ಯಾರೋ ಒಬ್ಬರು ರಟ್ಟೆ ಹಿಡಿದರು. ಅಷ್ಟೇ. ನಾನು ಆ ಸಭಾಗೃಹದಲ್ಲಿ ಇರಲಿಲ್ಲ. ಅವರು ತೀರಿಕೊಂಡ ಭಾನುವಾರದ ನನ್ನ ಅಂಗಳದಲ್ಲಿದ್ದೆ. ಅಂದೂ ಹೀಗೆಯೇ ರಟ್ಟೆ ಹಿಡಿದಿದ್ದರು, ಹೀಗೆಯೇ ಮುಖಗಳು ಬಾಗಿದ್ದವು, ಕೆಲವರು ಅಳು ಅಂದರು, ಕೆಲವರು ಅಳಬೇಡ ಅಂದರು, ಉಸಿರಾಡಲು ಇಷ್ಟೇ ಇಷ್ಟು ಗಾಳಿ. ನಾನು ನಿಜವಾಗಿ ಅಳತೊಡಗಿದೆ. ನಿಲ್ಲಿಸಲು ಆಗಲಿಲ್ಲ.

ಅಕ್ಕೋರು ಗದರಲಿಲ್ಲ, ಓಡಿಯೂ ಬರಲಿಲ್ಲ. ಎಲ್ಲರಿಗೂ ಸರಿದು ಕೂರಲು ಕೈಸನ್ನೆ ಮಾಡಿದರು. ತಾವು ಬಂದು ನನ್ನ ಬದಿಗೆ, ಒಂದು ಮೊಳ ದೂರದಲ್ಲಿ ನೆಲಕ್ಕೆ ಕೂತರು. ನನ್ನನ್ನು ನೋಡಲಿಲ್ಲ, ನಾನು ನೋಡುತ್ತಿದ್ದ ಗೋಡೆಯನ್ನೇ ನೋಡಿದರು. 'ನೀರು ಇಲ್ಲೇ ಇಟ್ಟೀನ್ರಿ' ಅಂದರು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು. ನನ್ನ ಎದೆಯಲ್ಲಿ ಕುದಿಯುತ್ತಿದ್ದದ್ದು ಒಲೆಯಿಂದ ಇಳಿಸಿದ ಹಾಲಿನಂತೆ ತಾನಾಗಿ ತಗ್ಗಿತು. ತಗ್ಗುತ್ತಿರುವಾಗಲೇ ಆ ಗೋಡೆಯ ಮೇಲೆ ನಾನು ಕಂಡದ್ದು, ತಿಕೋಟಾದ ಬೀದಿಯಲ್ಲಿ ಬೆನ್ನು ತಿರುಗಿಸಿ ನಿಂತ ನಮ್ಮವರನ್ನು.

ನನಗೆ ಅಂದು ಆದ ಬೆರಗನ್ನು ಹೇಗೆ ಹೇಳಲಿ? ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಮನುಷ್ಯ. ಅವರಿಗೆ ರೊಟ್ಟಿ ಎಷ್ಟು ಬೇಕು, ಯಾವ ಮಗ್ಗುಲಿಗೆ ಮಲಗುತ್ತಾರೆ ಎಲ್ಲ ನನಗೆ ಗೊತ್ತು ಅಂದುಕೊಂಡಿದ್ದೆ. ಸಭಾಗೃಹ ತುಂಬ ಜನ ಕಷ್ಟಪಟ್ಟು ಕಲಿಯುತ್ತಿದ್ದ ವಿದ್ಯೆಯನ್ನು ಆ ಮನುಷ್ಯ ಸೀಟಿನ ಕೆಳಗೆ ಒಂದು ಹಳೆಯ ಸೀರೆಯ ತುಂಡಿನ ಜೊತೆ ಇಟ್ಟುಕೊಂಡಿದ್ದರು. ಅದಕ್ಕೊಂದು ಹೆಸರಿದೆ ಎಂದು ಅವರಿಗೂ ತಿಳಿದಿರಲಿಲ್ಲ. ಎಲ್ಲಿ ಕಲಿತರು? ಜೈನಾಪುರದ ಹೊಲದಲ್ಲಿ ಬೆಳೆದವರು. ಬೆದರಿದ ಎತ್ತಿನ ಎದುರು ಹೋಗಬಾರದು, ಬಾಜೂಕ ನಿಂತು ಬೇರೆ ಏನಾದರೂ ಮಾಡುತ್ತಿರಬೇಕು ಎಂದು ಒಮ್ಮೆ ಅಂದದ್ದು ನೆನಪಿದೆ. ಅಲ್ಲಿ ಕಲಿತರೋ, ಅಥವಾ ತಾವೇ ಎಂದೋ ಬೆದರಿದ್ದಾಗ ಕಲಿತರೋ. ಕೇಳಲು ಈಗ ಯಾರಿದ್ದಾರೆ? ಇದ್ದಾಗ ನಾನು ಅಂದದ್ದು, ಕಲ್ಲ ಮನಸ ನಿಮ್ದು ಅಂತ.

ಶುಕ್ರವಾರ ಬೆಳಿಗ್ಗೆ ಮೊಳೆಯಿಂದ ಅರಿವೆ ತೆಗೆದುಕೊಂಡೆ.

ಕಂಬ, ಕಿರುಚಾಟ, ಅಜ್ಜಿ ಎಲ್ಲವೂ ಅದೇ. ಮಲ್ಲಣ್ಣನಿಗೆ ಇಂಜಿನ್ನು ಬಂದ್ ಮಾಡಲು ಹೇಳಿದೆ. ಅವನು ನನ್ನ ಕೈಯಲ್ಲಿದ್ದ ಅರಿವೆ ನೋಡಿದ, ಚಾವಿ ತಿರುಗಿಸಿದ. ಅಜ್ಜಿಗೆ, 'ಅಮ್ಮಾ, ನೀವು ಸ್ವಲ್ಪ ಕಟ್ಟಿ ಮ್ಯಾಲ ಕುಂದರ್ರಿ' ಅಂದೆ. ಮಗುವಿಗೆ ಬೆನ್ನು ಕೊಟ್ಟು, ಗಾಡಿಯ ಮುಂದಿನ ಗಾಲಿಯ ಬಳಿ ಕೂತು ಒರೆಸತೊಡಗಿದೆ. ಅಳುವ ಮಗುವಿಗೆ ಬೆನ್ನು ಕೊಡುವುದು ಎಷ್ಟು ಕಠಿಣ ಎಂದು ಆಗ ಗೊತ್ತಾಯಿತು. ನನ್ನ ಬೆನ್ನೆಲ್ಲ ಕಿವಿಯಾಗಿತ್ತು. ಗಾಲಿ ಆಯಿತು, ದೀಪ ಆಯಿತು, ಇನ್ನೊಂದು ದೀಪವೂ ಆಯಿತು. ಕಿರುಚಾಟ ಅಳುವಾಯಿತು, ಅಳು ಬಿಕ್ಕಾಯಿತು. ಒರೆಸುತ್ತಲೇ, ತಿರುಗದೆ, ಗಾಡಿಗೆ ಹೇಳುವಂತೆ ಹೇಳಿದೆ:

'ಕಾಕಾ ಊರಿಗೆ ಹೋಗಿಲ್ಲವ್ವ. ಸುಳ್ಳ ಹೇಳಿದ್ವಿ. ಕಾಕಾ ತೀರಿಕೊಂಡಾರ. ಇನ್ನ ಬರೂದಿಲ್ಲ.'

ಆ ಮಾತನ್ನು ನಾನು ಅಷ್ಟು ನೇರವಾಗಿ ಅದುವರೆಗೆ ಯಾರಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ. ಮತ್ತೆ ಕಿರುಚುತ್ತಾಳೆ ಎಂದು ಕಾದೆ. ಆದರೆ ಮೂಗು ಕಟ್ಟಿದ ದನಿಯೊಂದು ತೀರ ಹತ್ತಿರದಿಂದಲೇ ಬಂತು.

'ನಿಮಗ ಬರೂದಿಲ್ಲ. ಕಾಕಾ ಮದಲ ಕನ್ನಡಿ ಒರಸ್ತಿದ್ರು.'

'ಯಾವ ಕನ್ನಡಿ?'

'ಅದಾ, ಬಾಗಲದ ಮ್ಯಾಲಿಂದು. ಅದರಾಗ ನಾ ಕಾಣತೀನಿ.' ಒಂದು ಬಿಕ್ಕು. 'ಕಾಕಾ ಅದರಾಗ ನನಗ ನಾಲಿಗಿ ತೆಗೀತಿದ್ರು.'

ನಾನು ಎದ್ದು ಆ ಬದಿಯ ಕನ್ನಡಿಯ ಮುಂದೆ ನಿಂತೆ. ಧೂಳು ಹಿಡಿದಿತ್ತು. ಒರೆಸಿದೆ. ಬೆನ್ನ ಹಿಂದಿನ ಕಟ್ಟೆ, ಕಂಬ, ಅವಳ ಒದ್ದೆ ಮುಖ, ಎಲ್ಲ ಅದರೊಳಗೆ ಬಂದು ಕೂತವು. ಹಾಗಾದರೆ ಅವರು ಬೆನ್ನು ತಿರುಗಿಸಿರಲೇ ಇಲ್ಲ. ಎದುರು ನಿಂತ ನಾವೆಲ್ಲ ಆ ಮಗುವನ್ನು ನೋಡದೆ ಕೂಗುತ್ತಿದ್ದಾಗ, ಬೆನ್ನು ಕೊಟ್ಟ ಅವರೊಬ್ಬರೇ ಅವಳನ್ನು ನೋಡುತ್ತಿದ್ದರು. ನನ್ನೆದುರು ಮೂವತ್ತು ವರ್ಷದಲ್ಲಿ ಹಲ್ಲು ಕಾಣುವಂತೆ ನಕ್ಕದ್ದೂ ಅಪರೂಪವಾದ ಆ ಮನುಷ್ಯ, ಇಲ್ಲಿ ನಿಂತು ನಾಲಿಗೆ ಚಾಚುತ್ತಿದ್ದರು.

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಕಾಯುತ್ತಿದ್ದಳು. ಐವತ್ತು ದಾಟಿದ, ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳಾದ ಹೆಂಗಸು ಹಾಡುಹಗಲು ತಿಕೋಟಾದ ಬೀದಿಯಲ್ಲಿ ಏನು ಮಾಡಬಾರದೋ ಅದನ್ನು ನಾನು ಮಾಡಿದೆ. ನಾಲಿಗೆ ಹೊರಗೆ ಚಾಚಿದೆ. ಅವಳು ನಗಲಿಲ್ಲ. 'ಕಾಕಾಂದು ಇನ್ನೂ ಉದ್ದ ಇತ್ತು' ಅಂದಳು. ಗಾಡಿ ಹತ್ತಿ, ಕಿಟಕಿಯ ಬದಿಗೆ ಕೂತು, ನನ್ನ ಕೈಯಲ್ಲಿದ್ದ ಅರಿವೆಯ ಮೂಲೆಯಿಂದಲೇ ಕಣ್ಣು ಮೂಗು ಒರೆಸಿಕೊಂಡಳು.

ಶನಿವಾರವೂ ಅತ್ತಳು. ಸೋಮವಾರ ಕಂಬ ಹಿಡಿದಳು, ಆದರೆ ಒಂದೇ ಕೈಯಿಂದ. ಗಾಡಿ ಈಗಲೂ ಕೆಲವು ದಿನ ಶಾಲೆಗೆ ತಡವಾಗಿ ಮುಟ್ಟುತ್ತದೆ. ಕೇಳಿದರೆ ಗಾಡಿ ಒರೆಸುತ್ತಿದ್ದೆವು ಅನ್ನುತ್ತಾನೆ ಮಲ್ಲಣ್ಣ. ಅವಳ ಮನೆಯ ಮುಂದೆ ನಿಲ್ಲಿಸಬೇಡಿ ಎಂಬ ಮಾತು ಮತ್ತೆ ಬಂದಿಲ್ಲ.

ಆ ಶುಕ್ರವಾರ ಸಂಜೆ ಅರಿವೆಯನ್ನು ನೋಡಿದೆ. ಹೊಸ ಧೂಳು, ಹೊಸ ಎಣ್ಣೆ, ಒಂದು ಮೂಲೆಯಲ್ಲಿ ಅವಳು ಮೂಗು ಒರೆಸಿಕೊಂಡ ಗುರುತು. ಬಕೆಟ್ಟಿಗೆ ಹಾಕಿ, ಸಬಕಾರ ಹಚ್ಚಿ, ಕಲ್ಲಿನ ಮೇಲೆ ಕುಕ್ಕಿ ತೊಳೆದೆ. ನೀರು ಕಪ್ಪಗೆ ಇಳಿಯಿತು. ವಾಸನೆಯೂ ಅದರ ಜೊತೆ ಹೋಯಿತು. ತಂತಿಗೆ ಹಾಕಿದಾಗ, ಇಷ್ಟು ವರ್ಷಗಳ ಅಡಿಯಿಂದ, ಎಲ್ಲೋ ಒಂದಿಷ್ಟು ಗಿಳಿಹಸಿರು ಕಂಡಿತು. ಮೊಳೆ ಈಗ ಖಾಲಿ. ಅರಿವೆ ಡ್ರೈವರನ ಸೀಟಿನ ಕೆಳಗೆ, ಅದು ಇರಬೇಕಾದಲ್ಲಿ ಇದೆ. ನಾಳೆ ಮೊದಲು ಕನ್ನಡಿ ಒರೆಸಬೇಕು.