ಭೂತಗನ್ನಡಿಯಲ್ಲಿ ಬರೆದದ್ದು

ಕೊರೊನಾದ ಆ ಮೊದಲ ವಸಂತದಲ್ಲಿ ಐರ್ಲೆಂಡಿಗೆ ಎಲ್ಲಿಲ್ಲದ ಬಿಸಿಲು ಬಂದಿತ್ತು. ವರ್ಷವಿಡೀ ಮುಖ ಗಂಟಿಕ್ಕಿಕೊಂಡಿರುವ ಆಕಾಶ, ಎಲ್ಲರನ್ನೂ ಮನೆಯೊಳಗೆ ಕೂಡಿಹಾಕಿದ ಮೇಲೆ ನಗತೊಡಗಿತು. ಅದನ್ನು ಕಂಡರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಂಡತಿ ಡ್ರೋಹೆಡಾದ ಆಸ್ಪತ್ರೆಯಲ್ಲಿ ನರ್ಸ್. ಸೋಂಕು ಮನೆಗೆ ತರಬಾರದೆಂದು ಆ ಊರಲ್ಲೇ ಒಂದು ಕೋಣೆ ಹಿಡಿದಿದ್ದಳು. ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆಯಲ್ಲಿ ನಾನು, ನನ್ನ ಲ್ಯಾಪ್‌ಟಾಪು, ಆರು ವರ್ಷದ ಮಗಳು. ಅಮ್ಮ ಬಿಟ್ಟುಹೋದಳೆಂದು ಮಗಳಿಗೆ ಸಿಟ್ಟು. ವಿಡಿಯೋ ಕಾಲ್ ಬಂದರೆ ಸೋಫಾದ ಹಿಂದೆ ಅಡಗುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಫೋನಿನಲ್ಲಿ ಹೆಂಡತಿಯ ಮುಖ ಸಪ್ಪಗಾಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಡ್ರಾಯರಿನಲ್ಲಿ ಲೆನ್ಸೊಂದು ಸಿಕ್ಕಿತು. "ಬಾರೇ, ಭೂತಗನ್ನಡೀಲಿ ಬೆಂಕಿ ಹಚ್ಚೋಣ" ಎಂದೆ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಹಿಂದೆ ಸರಿದು, "ಈಸ್ ದೇರ್ ಎ ಘೋಸ್ಟ್ ಇನ್ ಇಟ್?" ಎಂದಳು.

"ಭೂತನೂ ಇಲ್ಲ, ಪಿಶಾಚಿನೂ ಇಲ್ಲ. ದೊಡ್ಡದಾಗಿ ತೋರ್ಸುತ್ತೆ, ಅಷ್ಟೆ."

ಮೈಸೂರಿನಲ್ಲಿ ಬೇಸಿಗೆ ರಜೆಯ ನಮ್ಮ ಕಸುಬೇ ಇದು. ಟೆರೇಸಿನ ಮೇಲೆ ಹಳೇ ಪೇಪರಿಗೆ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಗೆ. ಇಲ್ಲಿಯ ಬಿಸಿಲಿಗೆ ಆ ಖಾರವಿಲ್ಲ. ಹಿತ್ತಲಿನ ಒಣ ಎಲೆ ಹೊತ್ತಿಕೊಳ್ಳುವ ಹೊತ್ತಿಗೆ ಕೈ ಸೋತಿತ್ತು. ಆದರೆ ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಡ್ಡಿ ಹಾಕಿದ ಹುಡುಗನಾಗಿಬಿಟ್ಟೆ. ಎಂಥ ಖುಷಿ ಅದು!

ಆಮೇಲೆ ಒಂದು ಹಲಗೆ ಚೂರಿನ ಮೇಲೆ ಪೆನ್ಸಿಲಿನಲ್ಲಿ 'ಅಮ್ಮ' ಎಂದು ಬರೆದು, ಇದರ ಮೇಲೆ ಸುಡು ಎಂದೆ. ಮಗಳು ಬೇಡವೆನ್ನಲಿಲ್ಲ. 'ಅ' ಒಂದಕ್ಕೇ ಇಡೀ ಮಧ್ಯಾಹ್ನ ಹಿಡಿಯಿತು. ಮೋಡ ಬಂದಾಗಲೆಲ್ಲ ನಾನು ಅದಕ್ಕೆ ಹಿಡಿಶಾಪ ಹಾಕುತ್ತಿದ್ದೆ. "ಇಟ್ಸ್ ಗ್ರ್ಯಾಂಡ್, ಅಪ್ಪ" ಎಂದು, ಪರವಾಗಿಲ್ಲ ಎನ್ನಲು ಇಲ್ಲಿಯವರು ಹೇಳುವಂತೆ, ಅವಳೇ ನನಗೆ ಸಮಾಧಾನ ಹೇಳುವಳು.

ಭಾನುವಾರ 'ಮ' ಮುಗಿಯಿತು. ಕೆಳಗಿನ ಒತ್ತಿಗೆ ಲೆನ್ಸ್ ಹಿಡಿಯುವಷ್ಟರಲ್ಲಿ ಮತ್ತೆ ಮೋಡ. ಅದೇ ಹೊತ್ತಿಗೆ ಹೆಂಡತಿ ಬಟ್ಟೆ ಒಯ್ಯಲು ಬಂದು, ಮಾಸ್ಕ್ ಹಾಕಿಕೊಂಡು ಗೇಟಿನಾಚೆಯೇ ನಿಂತಳು. ಮಗಳು ಈ ಸಲ ಅಡಗಲಿಲ್ಲ. ಬಾಗಿಲಲ್ಲಿ ನಿಂತು ಹಲಗೆ ಎತ್ತಿ ಹಿಡಿದಳು.

ಹೆಂಡತಿ ಕಣ್ಣು ಕಿರಿದು ಮಾಡಿ ಓದಿದಳು. "ಅ... ಮ. ಒತ್ತು ಎಲ್ಲಿ ಹೋಯ್ತು, ಪುಟ್ಟಾ?"

"ಬಿಸಿಲು ಹೋಯ್ತು, ಅಮ್ಮಾ!" ಎಂದು ಮಗಳು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಅಮ್ಮಾ, ಬಿಸಿಲು ಹೋಯ್ತು!"

ಹೆಂಡತಿ ಗೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ತೆರೆಯಲಿಲ್ಲ. "ಇನ್ನೊಂದ್ಸಲ ಹೇಳು" ಎಂದಳು.