ಓಣಿ ಸುತ್ತಿದ ತುಪ್ಪದ ಬಟ್ಟಲು

ಬೆಳಗಿನ ಆರೂಕಾಲು. ಬೇವೂರಿನ ವಿರೂಪಾಕ್ಷಮ್ಮನವರ ಒಲೆಯ ಮುಂದೆ ದಾನೇಶ್ವರಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೊಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ. ಹೆಂಚಿನಿಂದ ಇಳಿದ ಜೋಳದ ರೊಟ್ಟಿ ಮೊದಲು ತಕ್ಕಡಿಗೆ, ಆಮೇಲೆ ತಾಟಿಗೆ.

"ರೊಟ್ಟಿ ಏನ್ ಬಂಗಾರ ಐತೇನವ್ವಾ, ಹಿಂಗ ತೂಗಾಕ?" ವಿರೂಪಾಕ್ಷಮ್ಮ ಕಾಲೆಳೆಯುತ್ತಾರೆ.

ಯಲಬುರ್ಗಾದ ದಾನೇಶ್ವರಿಗೆ ನಲವತ್ತೊಂದು ವರ್ಷ. ಯಾವ ದೇಶದ ಜನ ಏನು ತಿನ್ನುತ್ತಾರೆ, ಎಲ್ಲಿ ಹೃದಯದ ಕಾಯಿಲೆ ಹೆಚ್ಚು, ಎಲ್ಲಿ ಕಡಿಮೆ ಎಂದು ತಿಳಿಯಲು ಹನ್ನೊಂದು ದೇಶಗಳಲ್ಲಿ ನಡೆಯುತ್ತಿರುವ ಅಧ್ಯಯನವೊಂದಕ್ಕೆ ಇಲ್ಲಿಯ ಊಟದ ವಿವರ ಬರೆಯುವವರು ಇವರೇ. ದಿನಕ್ಕೆ ನಾಲ್ಕು ಮನೆ, ಸ್ಕೂಟಿಯಲ್ಲಿ ಮೂವತ್ತು ಕಿಲೋಮೀಟರ್. ಉಪ್ಪು, ಎಣ್ಣೆ, ಬೇಳೆ, ಚಟ್ನಿ ಎಲ್ಲವೂ ಗ್ರಾಂ ಲೆಕ್ಕ. ಮೀನು ತಿನ್ನುವ ದೇಶ, ಬೆಣ್ಣೆ ತಿನ್ನುವ ದೇಶಗಳ ಪಕ್ಕದಲ್ಲಿ ಬೇವೂರಿನ ರೊಟ್ಟಿಗೂ ಅಧ್ಯಯನದ ವರದಿಯಲ್ಲಿ ಒಂದು ಸಾಲು ಸಿಗುತ್ತದೆ. ಆ ವರದಿಯಲ್ಲಿ ಇವರ ಹೆಸರು ಮಾತ್ರ ಇರುವುದಿಲ್ಲ.

ಮೊದಲ ವಾರವೇ ಎಡವಟ್ಟಾಗಿತ್ತಂತೆ. ಹೋದ ಮನೆಯಲ್ಲೆಲ್ಲ ರೊಟ್ಟಿಯ ಪಕ್ಕ ಗಟ್ಟಿ ತುಪ್ಪ. ಇವರೂ ಬರೆದುಕೊಂಡರು. ಹತ್ತನೆಯ ಮನೆಯಲ್ಲಿ ತುಪ್ಪದ ಬಟ್ಟಲು ಎತ್ತಿ ನೋಡಿದರೆ, ಅದರ ಮೇಲೆ ಕೊರೆಸಿದ ಹೆಸರು ಓಣಿಯ ಮೊದಲ ಮನೆಯ ಶರಣಬಸಮ್ಮನದು! ಬಂದವರ ಎದುರು ಬರೀ ರೊಟ್ಟಿ-ಚಟ್ನಿ ತೂಗಿಸುವುದು ಹೇಗೆ ಎಂಬ ಸಂಕೋಚಕ್ಕೆ, ಒಂದೇ ಬಟ್ಟಲು ಇವರಿಗಿಂತ ಮುಂದೆ ಮುಂದೆ ಓಣಿ ಸುತ್ತಿತ್ತು. ಕೇಳಿ ನನಗೆ ನಗು ಬರುತ್ತದೆ. ದಾನೇಶ್ವರಿ ನಗುವುದಿಲ್ಲ.

"ಹಿಂಗ ಬರಕೊಂಡ ಹೋದ್ರ, ಬೇವೂರ ಮಂದಿ ಎದಿ ಕೆಡೋದು ತುಪ್ಪದಿಂದ ಅಂತ ತಿಳ್ಕೋತಾರ್ರಿ. ಯಾರೂ ತಿನ್ನದ ತುಪ್ಪದ ಮ್ಯಾಲ ಗೂಬಿ ಕೂಡ್ರಿಸಿ, ಖರೇ ಕಾರಣ ಬಿಟ್ಟಂಗ ಆಗ್ತೈತಿ."

ಹತ್ತೂ ಮನೆಯ ಹಾಳೆ ರದ್ದು ಮಾಡಿ, ಮೇಲಿನವರ ಮುಂದೆ ತಾವೇ ತಪ್ಪೊಪ್ಪಿಕೊಂಡರು. ಕೆಲಸ ಹೋಯಿತೆಂದೇ ಅಂದುಕೊಂಡಿದ್ದರು. ಹೋಗಲಿಲ್ಲ, ಹತ್ತೂ ಮನೆ ಮತ್ತೆ ತಿರುಗಬೇಕಾಯಿತು, ಅಷ್ಟೆ. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ತಮ್ಮ ಬುತ್ತಿ ಬಿಚ್ಚುತ್ತಾರೆ: ನಿನ್ನೆಯ ಒಣಗಿ ಗರಿಗರಿಯಾದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. "ಮೊದಲ ನಂದು ತೂಗ್ರಿ" ಎಂದು ತಕ್ಕಡಿಯನ್ನು ಮನೆಯವರ ಕೈಗೇ ಕೊಡುತ್ತಾರೆ. ಅದನ್ನು ನೋಡಿದ ಮೇಲೆ ತುಪ್ಪ ಕಡ ತರಲು ಯಾರೂ ಏಳುವುದಿಲ್ಲ. ಚಟ್ನಿಯ ಉಪ್ಪು, ಸಂಜೆಯ ಮಿರ್ಚಿ ಭಜಿಯ ಎಣ್ಣೆ ಈಗ ಇದ್ದದ್ದು ಇದ್ದಂತೆ ಹಾಳೆಗೆ ಬರುತ್ತಿವೆ.

ಇಷ್ಟೊಂದು ಹಟ ಯಾಕೆ ಎಂದು ಕೇಳುತ್ತೇನೆ. ತಕ್ಕಡಿ ಒರೆಸುತ್ತಲೇ ದಾನೇಶ್ವರಿ ಹೇಳುತ್ತಾರೆ. ಅವರ ಅಣ್ಣ ಕೊಟ್ರಪ್ಪ ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಆಗ ಅಣ್ಣನಿಗೆ ನಲವತ್ತಾರು. ಒರೆಸಿದ ತಕ್ಕಡಿಯನ್ನು ದಾನೇಶ್ವರಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ನನ್ನ ಹೆಸರ ಎಲ್ಲೂ ಬ್ಯಾಡ್ರಿ. ನಮ್ಮ ಮಂದಿ ಉಂಡದ್ದು ಉಂಡಂಗ ಅಲ್ಲಿಗೆ ಮುಟ್ಟಿದ್ರ ಸಾಕು. ನಮ್ಮಣ್ಣನ ಮಣ್ಣಿಗೆ ಬಂದವ್ರೆಲ್ಲಾ ಹಣಿಬರಹ ಅಂದ್ರು. ಏನ್ ಉಣ್ತಿದ್ದ ಅಂತ ಒಬ್ರೂ ಕೇಳ್ಲಿಲ್ರಿ."